ಹೊಟ್ಟೆಯ ಸೋಂಕಿಗೆ ಹದಿನೈದು ನಿಮಿಷದ ಪರೀಕ್ಷೆ: ಭಕ್ತರು ತಿಳಿಯಬೇಕಾದ ಸಂಗತಿಗಳು



ಕಳೆದ ಕೆಲವು ತಿಂಗಳುಗಳಲ್ಲಿ ಒಂದೇ ವಿಷಯವನ್ನು ಕುರಿತ ಮೂರು ಪ್ರಶ್ನೆಗಳು ಮೂರು ಊರುಗಳಿಂದ ನಮ್ಮಲ್ಲಿಗೆ ಬಂದವು. ಭಾಲ್ಕಿಯ ನಿವೃತ್ತ ಶಿಕ್ಷಕರೊಬ್ಬರು ಪ್ರಯೋಗಾಲಯದ ಚೀಟಿಯೊಂದನ್ನು ತಂದು ನಮ್ಮ ಮುಂದಿಟ್ಟರು. ಬೆರಳ ತುದಿಯ ಒಂದು ಹನಿ ರಕ್ತದಿಂದ ಹದಿನೈದು ನಿಮಿಷದಲ್ಲಿ ನಡೆದ ಪರೀಕ್ಷೆ ಅದು. ‘ಎಚ್. ಪೈಲೋರಿ: ಪಾಸಿಟಿವ್’ ಎಂದು ಅದರಲ್ಲಿ ಬರೆದಿತ್ತು. ಅಲ್ಲಿಯವರೆಗೆ ಅವರಿಗೆ ಹಸಿವೆ ಚೆನ್ನಾಗಿತ್ತು, ನಿದ್ರೆಯೂ ಚೆನ್ನಾಗಿತ್ತು; ಚೀಟಿಯನ್ನು ಕಂಡ ದಿನದಿಂದ ಎರಡೂ ಕೆಟ್ಟಿದ್ದವು. ಔಷಧ ತೆಗೆದುಕೊಳ್ಳಬೇಕೇ ಎಂಬುದು ಅವರ ಪ್ರಶ್ನೆ.

ಬೀದರ ನಗರದ ಕೆಲವು ಯುವ ಭಕ್ತರು ಅಂಥದೇ ಪರೀಕ್ಷಾ ಕಡ್ಡಿಗಳನ್ನು ಸಗಟಾಗಿ ತರಿಸಿ, ಜಾತ್ರೆಯ ಸಮಯದಲ್ಲಿ ಎಲ್ಲರಿಗೂ ಉಚಿತವಾಗಿ ಪರೀಕ್ಷೆ ಮಾಡಿಸುವ ಶಿಬಿರವನ್ನು ಯೋಚಿಸಿದ್ದರು. ದಾಸೋಹಕ್ಕೆಂದು ಕೂಡಿಟ್ಟ ಹಣದಲ್ಲಿ ಒಂದು ಭಾಗವನ್ನು ಅದಕ್ಕೆ ಬಳಸಬಹುದೇ ಎಂದು ಅವರು ಕೇಳಿದರು. ಮೂರನೆಯವರು ಔರಾದ ತಾಲೂಕಿನ ರೈತ ಕುಟುಂಬದ ತರುಣ. ಎರಡು ಎಕರೆ ಹೊಲವನ್ನು ಒತ್ತೆ ಇಟ್ಟು, ಹೊಟ್ಟೆಯ ಸೋಂಕಿನ ತ್ವರಿತ ಪರೀಕ್ಷಾ ಕಿಟ್‌ಗಳ ಏಜೆನ್ಸಿ ಹಿಡಿಯುವ ಸಿದ್ಧತೆಯಲ್ಲಿದ್ದರು. ‘ಪರದೇಶದ ದೊಡ್ಡ ದೊಡ್ಡ ಹೂಡಿಕೆದಾರರೇ ಇದಕ್ಕೆ ಹಣ ಹಾಕುತ್ತಿದ್ದಾರಂತೆ, ಹಾಗಾದರೆ ಇದು ಒಳ್ಳೆಯದೇ ಇರಬೇಕಲ್ಲವೇ?’ ಎಂದರು.

ಮೂವರಿಗೂ ಆಯಾ ದಿನವೇ ಸಂಕ್ಷೇಪವಾಗಿ ಉತ್ತರಿಸಿದ್ದೇವೆ. ಆದರೆ ಇದೇ ಪ್ರಶ್ನೆ ಇನ್ನೂ ಅನೇಕರ ಮನೆಗೆ ಬರಲಿರುವುದರಿಂದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಇಲ್ಲಿ ಹೇಳುತ್ತೇವೆ. ಒಂದು ಪರೀಕ್ಷೆಗೆ ಎಷ್ಟು ಹಣ ಹರಿದು ಬಂದಿದೆ ಎಂಬುದರಿಂದ ಅದು ನಮ್ಮ ಹೊಟ್ಟೆಯ ಬಗ್ಗೆ ಎಷ್ಟು ಹೇಳಬಲ್ಲದು ಎಂಬುದನ್ನು ತಿಳಿಯಲಾಗದು. ಆ ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ಮಿತಿಯನ್ನು ಹೇಳುವ ಪರೀಕ್ಷೆ

ತ್ವರಿತ ಪರೀಕ್ಷೆ ಎಂಬುದು ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಗ್ರಹಣಿ ರೋಗವನ್ನು ಹೇಳುವ ಅಧ್ಯಾಯದಲ್ಲಿ ಮಲವನ್ನು ನೀರಿಗೆ ಹಾಕಿ ನೋಡುವ ವಿಧಾನವಿದೆ. ಜೀರ್ಣವಾಗದ ಆಮದಿಂದ ಕೂಡಿದ ಮಲ ಭಾರವಾಗಿ ಮುಳುಗುತ್ತದೆ, ಪಕ್ವವಾದುದು ತೇಲುತ್ತದೆ. ಖರ್ಚಿಲ್ಲ, ಯಂತ್ರವಿಲ್ಲ, ಕ್ಷಣಮಾತ್ರದ ಕೆಲಸ. ಆದರೆ ಆಚಾರ್ಯರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಮಲ ಬಹಳ ನೀರಾಗಿದ್ದರೆ, ಬಹಳ ಗಟ್ಟಿಯಾಗಿದ್ದರೆ, ಶೈತ್ಯ ಅಥವಾ ಕಫದಿಂದ ಕೆಟ್ಟಿದ್ದರೆ ಈ ಲಕ್ಷಣವನ್ನು ನಂಬಬಾರದು ಎಂದು ಅಲ್ಲಿಯೇ ಸೇರಿಸಿದರು. ಪರೀಕ್ಷೆಯನ್ನು ಹೇಳಿದವರೇ ಅದು ಎಲ್ಲಿ ತಪ್ಪುತ್ತದೆ ಎಂಬುದನ್ನೂ ಹೇಳಿದರು.

ವಿಮಾನಸ್ಥಾನದಲ್ಲಿ ರೋಗವನ್ನು ಅರಿಯಲು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ ಎಂಬ ಮೂರು ಉಪಾಯಗಳನ್ನು ಹೇಳಿದೆ. ಶಾಸ್ತ್ರವನ್ನು ತಿಳಿದು, ರೋಗಿಯನ್ನು ಕಣ್ಣಾರೆ ಕಂಡು, ಆಮೇಲೆ ಯುಕ್ತಿಯಿಂದ ನಿರ್ಣಯಿಸಬೇಕು ಎಂಬುದು ಅದರ ತಾತ್ಪರ್ಯ. ಇಂದಿನ ಕಿಟ್ ಕೂಡ ಪ್ರತ್ಯಕ್ಷದ ಒಂದು ಸಾಧನ. ವೈದ್ಯನ ಕಣ್ಣಿಗೆ ಕಾಣದುದನ್ನು ಅದು ಕಾಣಿಸಬಲ್ಲದು. ಆದರೆ ಕಾಣಿಸಿದ್ದು ಏನು ಎಂದು ನಿರ್ಣಯಿಸುವ ಕೆಲಸವನ್ನು ಅದು ಮಾಡಲಾರದು.

ಜಠರದಲ್ಲಿ ನೆಲೆಸುವ ಜೀವಿ

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬುದು ಸುರುಳಿಯಾಕಾರದ ಒಂದು ಸೂಕ್ಷ್ಮಾಣು. ಜಠರದ ಆಮ್ಲದಲ್ಲಿ ಯಾವ ಜೀವಿಯೂ ಬದುಕಲಾರದೆಂದು ವೈದ್ಯಲೋಕ ಬಹುಕಾಲ ನಂಬಿತ್ತು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ಇಬ್ಬರು ವೈದ್ಯರು 1982ರಲ್ಲಿ ಈ ಜೀವಿಯನ್ನು ಬೆಳೆಸಿ ತೋರಿಸಿದರು. ಅವರ ಹಿಂದಿನ ಪ್ರಯತ್ನಗಳಲ್ಲಿ ಎರಡು ದಿನ ನೋಡಿ ಏನೂ ಬೆಳೆಯಲಿಲ್ಲವೆಂದು ತಟ್ಟೆಗಳನ್ನು ಎಸೆಯುತ್ತಿದ್ದರು. ಈಸ್ಟರ್ ರಜೆಯ ಕಾರಣದಿಂದ ತಟ್ಟೆಗಳು ಹೆಚ್ಚು ದಿನ ಉಳಿದಾಗ ನಿಧಾನವಾಗಿ ಬೆಳೆಯುವ ಈ ಜೀವಿ ಕಾಣಿಸಿಕೊಂಡಿತು. ಜನ ನಂಬದಿದ್ದಾಗ ಮಾರ್ಷಲ್ ಅವರು 1984ರಲ್ಲಿ ಆ ಸೂಕ್ಷ್ಮಾಣುಗಳ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತವನ್ನು ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂದಿತು. ಇದಕ್ಕೂ ಮೊದಲೇ, 1994ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಈ ಜೀವಿಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತ್ತು.

ಆಯುರ್ವೇದದಲ್ಲಿ ಅಮ್ಲಪಿತ್ತ, ಊಟ ಜೀರ್ಣವಾಗುವಾಗ ಹೊಟ್ಟೆ ನೋಯುವ ಪರಿಣಾಮಶೂಲ, ಅನ್ನದ್ರವಶೂಲ ಎಂದು ನಾವು ಕಲಿತ ರೋಗಗಳಲ್ಲಿ ಕೆಲವರ ಹಿಂದೆ ಈ ಜೀವಿ ಇರುತ್ತದೆ, ಕೆಲವರ ಹಿಂದೆ ಇರುವುದಿಲ್ಲ. ನಮ್ಮ ಭಾಗದಲ್ಲಿ ಸೊಂಟನೋವು ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳೂ ಜಠರದಲ್ಲಿ ಹುಣ್ಣು ಮಾಡುತ್ತವೆ. ಖಾರವನ್ನು ಮಾತ್ರ ದೂಷಿಸುವವರು ಈ ಎರಡು ಕಾರಣಗಳನ್ನು ಮರೆಯುತ್ತಾರೆ.

ಇನ್ನೊಂದು ಸಂಗತಿ ಬಹು ಮುಖ್ಯ. ಪ್ರಪಂಚದ ಸುಮಾರು ಅರ್ಧ ಜನರ ಜಠರದಲ್ಲಿ ಈ ಜೀವಿ ಇದೆ ಎಂಬುದು ಬಹುಕಾಲದ ಅಂದಾಜು. ನಮ್ಮ ದೇಶದಲ್ಲಿ ಪ್ರಮಾಣ ಇನ್ನೂ ಹೆಚ್ಚು. ಬಹುತೇಕ ಬಾಲ್ಯದಲ್ಲಿ ಮನೆಯವರಿಂದ, ಅಶುದ್ಧ ನೀರು ಮತ್ತು ಕೈಗಳಿಂದ ಬರುತ್ತದೆ. ಸೋಂಕಿರುವ ನೂರು ಜನರಲ್ಲಿ ಹತ್ತರಿಂದ ಇಪ್ಪತ್ತು ಜನರಿಗೆ ಜೀವನದಲ್ಲಿ ಎಂದಾದರೂ ಹುಣ್ಣಾಗಬಹುದು, ಒಬ್ಬಿಬ್ಬರಿಗೆ ಕ್ಯಾನ್ಸರ್ ಬರಬಹುದು. ಉಳಿದವರು ಅದರ ಅರಿವಿಲ್ಲದೆ ಬದುಕನ್ನು ಮುಗಿಸುತ್ತಾರೆ.

ನಾಲ್ಕು ಪರೀಕ್ಷೆ, ನಾಲ್ಕು ಉತ್ತರ

ಈ ಸೋಂಕನ್ನು ಅರಿಯಲು ಬಳಕೆಯಲ್ಲಿರುವ ಪರೀಕ್ಷೆಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ರಕ್ತದ ಕಡ್ಡಿ ಪರೀಕ್ಷೆ. ಭಾಲ್ಕಿಯ ಶಿಕ್ಷಕರಿಗೆ ಮಾಡಿದ್ದು ಇದೇ. ಸೂಕ್ಷ್ಮಾಣುವಿನ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯಗಳನ್ನು ಇದು ಹುಡುಕುತ್ತದೆ. ಕಳ್ಳ ಬಂದುಹೋದ ಮೇಲೂ ಹೆಜ್ಜೆ ಗುರುತು ಉಳಿಯುವಂತೆ, ಸೋಂಕು ಹೋದ ಮೇಲೂ ಪ್ರತಿಕಾಯಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತವೆ. ಆದುದರಿಂದ ‘ಎಂದಾದರೂ ಸೋಂಕು ಬಂದಿತ್ತು’ ಎಂಬುದಕ್ಕಿಂತ ಹೆಚ್ಚನ್ನು ಇದು ಹೇಳಲಾರದು. ಈಗ ಇದೆಯೇ, ಚಿಕಿತ್ಸೆಯಿಂದ ಹೋಯಿತೇ ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ.

ಎರಡನೆಯದು ಮಲದಲ್ಲಿ ಪ್ರತಿಜನಕವನ್ನು, ಅಂದರೆ ಸೂಕ್ಷ್ಮಾಣುವಿನ ಅಂಶವನ್ನೇ ಹುಡುಕುವ ಪರೀಕ್ಷೆ. ಇದು ಈಗಿನ ಸೋಂಕನ್ನು ತಿಳಿಸುತ್ತದೆ.

ಮೂರನೆಯದು ಉಸಿರಿನ ಪರೀಕ್ಷೆ. ಈ ಜೀವಿ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಆ ಅಮೋನಿಯಾದ ಮರೆಯಲ್ಲಿಯೇ ಅದು ಆಮ್ಲದಿಂದ ತನ್ನನ್ನು ಕಾಪಾಡಿಕೊಳ್ಳುತ್ತದೆ. ಗುರುತಿಸಿದ ಇಂಗಾಲವುಳ್ಳ ಯೂರಿಯಾವನ್ನು ಕುಡಿಸಿ, ಆ ಇಂಗಾಲ ಉಸಿರಿನಲ್ಲಿ ಬರುತ್ತದೆಯೇ ಎಂದು ನೋಡುತ್ತಾರೆ. ಇದೂ ಈಗಿನ ಸೋಂಕನ್ನು ನಂಬಬಹುದಾದಷ್ಟು ಚೆನ್ನಾಗಿ ತಿಳಿಸುತ್ತದೆ.

ನಾಲ್ಕನೆಯದು ಎಂಡೋಸ್ಕೋಪಿ ಮಾಡುವಾಗ ಜಠರದ ಒಳಪೊರೆಯ ಚೂರನ್ನು ತೆಗೆದು ಯೂರಿಯಾ ಇರುವ ಹಳದಿ ಜೆಲ್‌ನಲ್ಲಿ ಇಡುವುದು. ಜೀವಿ ಇದ್ದರೆ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇದನ್ನು ರೂಪಿಸಿದವರೂ ಮಾರ್ಷಲ್ ಅವರೇ. ಇದರ ಲಾಭವೆಂದರೆ ವೈದ್ಯರು ಹುಣ್ಣನ್ನೋ ಗಡ್ಡೆಯನ್ನೋ ಕಣ್ಣಿನಿಂದಲೇ ನೋಡುತ್ತಾರೆ.

ಕೊನೆಯ ಮೂರು ಪರೀಕ್ಷೆಗಳಿಗೂ ಒಂದು ನಿಯಮವಿದೆ. ಆಮ್ಲ ತಗ್ಗಿಸುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮೊದಲಾದ ಮಾತ್ರೆಗಳನ್ನು ಎರಡು ವಾರ, ಆಂಟಿಬಯಾಟಿಕ್‌ಗಳನ್ನು ನಾಲ್ಕು ವಾರ ಬಿಟ್ಟಿರಬೇಕು. ಇಲ್ಲವಾದರೆ ಸೋಂಕು ಇದ್ದರೂ ‘ಇಲ್ಲ’ ಎಂದು ಬರಬಹುದು. ಮಾತ್ರೆಯನ್ನು ಬಿಡುವುದಾದರೂ ವೈದ್ಯರನ್ನು ಕೇಳಿಯೇ ಬಿಡಬೇಕು.

ನಾವು ಮಾಡಿದ ಎರಡು ತಪ್ಪುಗಳು

ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನಮ್ಮ ತಪ್ಪನ್ನು ಹೇಳುವುದು ಧರ್ಮ. ನಾವು ವೃತ್ತಿಯನ್ನು ಆರಂಭಿಸಿದ ವರ್ಷಗಳಲ್ಲಿ, ಮೂರು ದಿನದ ಜ್ವರಕ್ಕೆ ವಿಡಾಲ್ ಪರೀಕ್ಷೆ ಬರೆಯುವುದು ರೂಢಿಯಾಗಿತ್ತು. ಫ್ರಾನ್ಸಿನ ಫರ್ನಾಂಡ್ ವಿಡಾಲ್ ಅವರು 1896ರಲ್ಲಿ ಕಂಡುಹಿಡಿದ ಈ ಪರೀಕ್ಷೆಯೂ ರಕ್ತದ ಪ್ರತಿಕಾಯಗಳನ್ನೇ ನೋಡುತ್ತದೆ. ವಿಷಮಶೀತ ಜ್ವರ ಮನೆಮನೆಗೂ ಬಂದುಹೋಗಿರುವ ಊರಿನಲ್ಲಿ ಆರೋಗ್ಯವಂತರ ರಕ್ತದಲ್ಲೂ ಅವು ಸ್ವಲ್ಪ ಇದ್ದೇ ಇರುತ್ತವೆ. ನಾವು ಎಷ್ಟೋ ಜನರನ್ನು ಚೀಟಿಯ ಅಂಕಿ ನೋಡಿ ‘ಟೈಫಾಯ್ಡ್’ ಎಂದು ಮಲಗಿಸಿದೆವು, ರೊಟ್ಟಿ ಬಿಡಿಸಿ ಗಂಜಿ ಕುಡಿಸಿದೆವು. ಅವರಲ್ಲಿ ಎಷ್ಟು ಜನರಿಗೆ ನಿಜವಾಗಿ ಆ ರೋಗವಿತ್ತು ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ಎರಡನೆಯ ತಪ್ಪು ಇದಕ್ಕೆ ವಿರುದ್ಧವಾದುದು. ಔರಾದ ಕಡೆಯ ರೈತರೊಬ್ಬರು ಹೊಟ್ಟೆನೋವೆಂದು ನಮ್ಮಲ್ಲಿಗೆ ಬರುತ್ತಿದ್ದರು. ಅಮ್ಲಪಿತ್ತವೆಂದು ಬಗೆದು ಏಳು ತಿಂಗಳು ಚೂರ್ಣ, ಘೃತ, ಪಥ್ಯ ಎಂದು ಸಾಗಿಸಿದೆವು. ನೋವು ಕಡಿಮೆಯಾಗುತ್ತಿತ್ತು, ಮತ್ತೆ ಬರುತ್ತಿತ್ತು. ‘ಮಲದ ಬಣ್ಣ ಹೇಗಿದೆ?’ ಎಂದು ನಾವು ಒಮ್ಮೆಯೂ ಕೇಳಲಿಲ್ಲ. ಮಲಪರೀಕ್ಷೆಯನ್ನು ಅಷ್ಟಸ್ಥಾನ ಪರೀಕ್ಷೆಯಲ್ಲಿ ಎಣಿಸಿದ ಶಾಸ್ತ್ರವನ್ನು ಓದಿದ ನಮಗೆ ಇದು ಸಣ್ಣ ಮರೆವಲ್ಲ. ಒಂದು ದಿನ ಅವರು ಹೊಲದಲ್ಲಿ ತಲೆತಿರುಗಿ ಬಿದ್ದರು. ವಾರಗಳಿಂದ ಮಲ ಡಾಂಬರಿನಂತೆ ಕಪ್ಪಾಗಿತ್ತಂತೆ. ಸುಮಾರು 40 ಕಿಲೋಮೀಟರ್ ದೂರದ ಬೀದರಿಗೆ, ಅಲ್ಲಿಂದ ಮುಂದಕ್ಕೆ ಸಾಗಿಸಿ ರಕ್ತ ಕೊಟ್ಟು ಎಂಡೋಸ್ಕೋಪಿ ಮಾಡಿದಾಗ ಹುಣ್ಣಿನಿಂದ ರಕ್ತ ಜಿನುಗುತ್ತಿತ್ತು. ಹಳದಿ ಜೆಲ್ ಗುಲಾಬಿಯಾಯಿತು. ಹದಿನಾಲ್ಕು ದಿನದ ಔಷಧದಿಂದ ಸೋಂಕು ಹೋಯಿತು, ಅವರು ಬದುಕಿದರು. ಆ ಪರೀಕ್ಷೆಯನ್ನು ಆರು ತಿಂಗಳು ಮೊದಲೇ ಮಾಡಿಸಿದ್ದರೆ ಅವರ ಪ್ರಾಣ ತಕ್ಕಡಿಯಲ್ಲಿ ತೂಗುತ್ತಿರಲಿಲ್ಲ.

ಆದುದರಿಂದ ಈ ಲೇಖನವನ್ನು ಪರೀಕ್ಷೆಗಳ ವಿರುದ್ಧದ ಮಾತೆಂದು ಯಾರೂ ಭಾವಿಸಬಾರದು. ಬೇಡದವರಿಗೆ ಮಾಡಿದ ಪರೀಕ್ಷೆ ಭಯವನ್ನು ಹುಟ್ಟಿಸಿತು, ಬೇಕಾದವರಿಗೆ ಮಾಡದ ಪರೀಕ್ಷೆ ಪ್ರಾಣಕ್ಕೆ ಬಂದಿತು. ಎರಡನ್ನೂ ನಾವು ಕಂಡಿದ್ದೇವೆ.

ಹಣ ಏಕೆ ಹರಿದು ಬರುತ್ತಿದೆ?

ಇನ್ನು ಔರಾದಿನ ತರುಣರ ಮಾತಿಗೆ ಬರೋಣ. ಹೂಡಿಕೆದಾರರು ಹಣ ಹಾಕುತ್ತಿದ್ದಾರೆ ಎಂಬುದು ನಿಜ.

2020ರ ಕೊರೊನಾ ಕಾಲದಲ್ಲಿ ನಮ್ಮ ಮೂಗಿಗೆ ಕಡ್ಡಿ ಹಾಕಿ ಕಾಲು ಗಂಟೆಯಲ್ಲಿ ಗೆರೆ ನೋಡಿದ್ದನ್ನು ಎಲ್ಲರೂ ನೆನಪಿಟ್ಟಿದ್ದೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆ ವರ್ಷದ ಜೂನ್‌ನಲ್ಲಿ ಮೊದಲಿಗೆ ಒಪ್ಪಿದ ಕಿಟ್ ದಕ್ಷಿಣ ಕೊರಿಯಾದ ಎಸ್‌ಡಿ ಬಯೋಸೆನ್ಸರ್ ಸಂಸ್ಥೆಯದು. ಹರಿಯಾಣದ ಮಾನೇಸರದಲ್ಲಿ ಅದು ತಯಾರಾಗುತ್ತಿತ್ತು. ಕೊರೊನಾ ಇಳಿದ ಮೇಲೆ ಆ ಸಂಸ್ಥೆ, ಹಣಕಾಸು ಪಾಲುದಾರರೊಬ್ಬರ ಜೊತೆಗೂಡಿ, ಅಮೆರಿಕದ ಮೆರಿಡಿಯನ್ ಬಯೋಸೈನ್ಸ್ ಎಂಬ ಕಂಪನಿಯನ್ನು ಸುಮಾರು 150 ಕೋಟಿ ಡಾಲರಿಗೆ ಕೊಂಡಿತು. 2022ರಲ್ಲಿ ಘೋಷಿಸಿ 2023ರ ಜನವರಿಯಲ್ಲಿ ಮುಗಿದ ವ್ಯವಹಾರ ಇದು. ಮೆರಿಡಿಯನ್ ಕಂಪನಿಯ ಹೆಸರಾಂತ ಸರಕುಗಳಲ್ಲಿ ಎಚ್. ಪೈಲೋರಿಯ ಮಲಪರೀಕ್ಷೆ ಮತ್ತು ಉಸಿರಿನ ಪರೀಕ್ಷೆಗಳು ಸೇರಿವೆ. ಮೂಗಿನ ಪರೀಕ್ಷೆಯ ವ್ಯಾಪಾರದಲ್ಲಿ ಬೆಳೆದ ಸಂಸ್ಥೆ ಹೊಟ್ಟೆಯ ಪರೀಕ್ಷೆಯ ವ್ಯಾಪಾರಕ್ಕೆ ಹೀಗೆ ಕಾಲಿಟ್ಟಿತು.

ಇದಕ್ಕೂ ಮೊದಲೇ ಫ್ರಾನ್ಸಿನ ಬಯೋಮೆರ್ಯೂ ಸಂಸ್ಥೆ ಅಮೆರಿಕದ ಬಯೋಫೈರ್ ಕಂಪನಿಯನ್ನು ಸುಮಾರು 45 ಕೋಟಿ ಡಾಲರಿಗೆ ಪಡೆದಿತ್ತು. ಭೇದಿ ತರುವ 22 ರೋಗಾಣುಗಳನ್ನು ಸುಮಾರು ಒಂದು ಗಂಟೆಯಲ್ಲಿ ಒಟ್ಟಿಗೆ ಹುಡುಕುವ ಅದರ ಪರೀಕ್ಷೆಗೆ 2014ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ನಮ್ಮ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯ ರೂಪಿಸಿದ, ಗೋವಾದ ಮೋಲ್‌ಬಯೋ ಕಂಪನಿ ಮಾರುವ, ಬ್ಯಾಟರಿಯಿಂದ ನಡೆಯುವ ಟ್ರೂನ್ಯಾಟ್ ಯಂತ್ರ ಹುಟ್ಟಿದ್ದು ಹೊಟ್ಟೆಗಾಗಿ ಅಲ್ಲ, ಮುಖ್ಯವಾಗಿ ಕ್ಷಯರೋಗಕ್ಕಾಗಿ. ಆದರೂ ಈ ವ್ಯಾಪಾರದ ರೀತಿಯನ್ನು ತಿಳಿಯಲು ಅದು ಒಳ್ಳೆಯ ಉದಾಹರಣೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕ್ಷಯಪತ್ತೆಗೆ ಅನುಮೋದಿಸಿತು. 2022ರಲ್ಲಿ ಸಿಂಗಪುರದ ಟೆಮಾಸೆಕ್ ಸಂಸ್ಥೆ ಮೋಲ್‌ಬಯೋದಲ್ಲಿ ಎಂಟೂವರೆ ಕೋಟಿ ಡಾಲರ್ ಹೂಡಿತು. ಯಂತ್ರವನ್ನು ಒಮ್ಮೆ ಕೊಂಡರೆ ಸಾಕು, ಆದರೆ ಪ್ರತಿ ರೋಗಿಗೂ ಹೊಸ ಚಿಪ್ ಬೇಕು. ಪ್ರತಿದಿನ ಮಾರಾಟವಾಗುವ ಆ ಚಿಪ್, ಆ ಕಡ್ಡಿ ಹೂಡಿಕೆದಾರರನ್ನು ಆಕರ್ಷಿಸುತ್ತದೆ. ಹೊಟ್ಟೆನೋವಿಲ್ಲದ ಮನೆ ಇಲ್ಲ. ಗಿರಾಕಿಗಳಿಗೆ ಕೊರತೆಯೂ ಇಲ್ಲ.

ಇದರಲ್ಲಿ ತಪ್ಪೇನೂ ಇಲ್ಲ. ಹಣವಿಲ್ಲದೆ ಒಳ್ಳೆಯ ಪರೀಕ್ಷೆ ಹುಟ್ಟದು. ಆದರೆ ಹಣವಿದ್ದ ಮಾತ್ರಕ್ಕೆ ಪರೀಕ್ಷೆ ಒಳ್ಳೆಯದಾಗದು ಎಂಬುದಕ್ಕೆ ಎರಡು ನಿದರ್ಶನಗಳನ್ನು ನೋಡೋಣ. ಅಮೆರಿಕದಲ್ಲಿ 2003ರಲ್ಲಿ ಸ್ಥಾಪನೆಯಾದ ಥೆರನೋಸ್ ಕಂಪನಿ, ಬೆರಳ ತುದಿಯ ಹನಿ ರಕ್ತದಿಂದ ನೂರಾರು ಪರೀಕ್ಷೆ ಮಾಡುವೆವೆಂದು ಹೇಳಿ 70 ಕೋಟಿ ಡಾಲರಿಗೂ ಹೆಚ್ಚು ಹಣ ಕೂಡಿಸಿತು. ಯಂತ್ರ ಹೇಳಿದಂತೆ ಕೆಲಸ ಮಾಡುತ್ತಿರಲಿಲ್ಲ. 2018ರಲ್ಲಿ ಕಂಪನಿ ಮುಚ್ಚಿತು. 2022ರಲ್ಲಿ ಅದರ ಸ್ಥಾಪಕಿ ಹೂಡಿಕೆದಾರರಿಗೆ ವಂಚಿಸಿದ ಅಪರಾಧಿ ಎಂದು ತೀರ್ಪಾಯಿತು. ನಮ್ಮ ದೇಶದಲ್ಲಿಯೂ ಕ್ಷಯರೋಗಕ್ಕೆ ರಕ್ತದ ಪ್ರತಿಕಾಯ ನೋಡುವ ಕಿಟ್‌ಗಳು ಖಾಸಗಿ ಪ್ರಯೋಗಾಲಯಗಳಲ್ಲಿ ವರ್ಷಗಟ್ಟಲೆ ಓಡಿದವು. ರೋಗವಿಲ್ಲದವರಿಗೆ ಇದೆ ಎಂದೂ, ಇದ್ದವರಿಗೆ ಇಲ್ಲ ಎಂದೂ ಹೇಳುತ್ತಿದ್ದ ಅವನ್ನು ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿತು; 2012ರಲ್ಲಿ ಭಾರತ ಸರಕಾರ ಅವುಗಳ ತಯಾರಿಕೆ, ಆಮದು ಮತ್ತು ಮಾರಾಟವನ್ನು ನಿಷೇಧಿಸಿತು. ಅಷ್ಟರಲ್ಲಿ ಮಾರಿದವರು ಮಾರಿಯಾಗಿತ್ತು.

ಭೇದಿಗೆ ಮೊದಲು ನೀರು, ಆಮೇಲೆ ಪರೀಕ್ಷೆ

ಹೊಟ್ಟೆಯ ಸೋಂಕೆಂದರೆ ಎಚ್. ಪೈಲೋರಿ ಒಂದೇ ಅಲ್ಲ. ನಮ್ಮ ಭಾಗದಲ್ಲಿ ಬೇಸಿಗೆಯ ಕೊನೆಗೆ, ಮೊದಲ ಮಳೆಗೆ ವಾಂತಿಭೇದಿ ಬರುತ್ತದೆ. ಕಾಲರಾ ಪತ್ತೆಗೂ ಕಡ್ಡಿ ಇದೆ. ಮಲದಲ್ಲಿ ಅದ್ದಿದರೆ ಕಾಲು ಗಂಟೆಯಲ್ಲಿ ಗೆರೆ ಮೂಡುವ ‘ಕ್ರಿಸ್ಟಲ್ ವಿಸಿ’ ಎಂಬ ಕಡ್ಡಿ ಗುಜರಾತಿನ ಸೂರತ್‌ನಲ್ಲಿ ತಯಾರಾಗಿ ಪ್ರಪಂಚಕ್ಕೆಲ್ಲ ಹೋಗಿದೆ. 2024ರಲ್ಲಿ ಅಂತರರಾಷ್ಟ್ರೀಯ ಲಸಿಕಾ ಒಕ್ಕೂಟ ಗಾವಿಯ ನೆರವಿನಿಂದ 14 ದೇಶಗಳಿಗೆ 12 ಲಕ್ಷಕ್ಕೂ ಹೆಚ್ಚು ಕಾಲರಾ ಕಡ್ಡಿಗಳನ್ನು ಕಳುಹಿಸುವ ಕಾರ್ಯ ಆರಂಭವಾಯಿತು. ಇವುಗಳ ಉದ್ದೇಶವನ್ನು ಗಮನಿಸಬೇಕು. ಊರಿನಲ್ಲಿ ಕಾಲರಾ ಹಬ್ಬುತ್ತಿದೆಯೇ ಎಂದು ಆರೋಗ್ಯ ಇಲಾಖೆ ಬೇಗ ತಿಳಿಯಲು ಅವು ಬೇಕು. ಒಬ್ಬ ರೋಗಿಗೆ ಚಿಕಿತ್ಸೆ ಕೊಡಲು ಅವುಗಳಿಗಾಗಿ ಕಾಯಬೇಕಾಗಿಲ್ಲ.

ಭೇದಿಯಲ್ಲಿ ಪ್ರಾಣ ಹೋಗುವುದು ದೇಹದ ನೀರು ಮತ್ತು ಲವಣ ಹೊರಟುಹೋಗುವುದರಿಂದ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನಬೀಸ್ ಅವರು ಸಕ್ಕರೆ, ಉಪ್ಪು ಬೆರೆಸಿದ ನೀರನ್ನು ಕುಡಿಸಿ, ನೂರಕ್ಕೆ ಮೂವತ್ತರಷ್ಟಿದ್ದ ಸಾವನ್ನು ನಾಲ್ಕಕ್ಕಿಂತ ಕೆಳಗೆ ಇಳಿಸಿದರು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ದೊರೆಯಿತು. ಇಂದು ಆ ಓಆರ್‌ಎಸ್ ಪೊಟ್ಟಣ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ಪೊಟ್ಟಣ ಇಲ್ಲದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಸೇರಿಸಿ ಕುಡಿಸಬೇಕು. ನಮ್ಮ ಮನೆಗಳ ತೆಳುವಾದ ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ, ಗಂಜಿ ಇವೂ ಸಹಕಾರಿ.

ಇನ್ನು ಕಾರಣ. ಚರಕರು ಜನಪದೋದ್ಧ್ವಂಸ ಎಂಬ ಅಧ್ಯಾಯದಲ್ಲಿ, ಬೇರೆ ಬೇರೆ ಪ್ರಕೃತಿಯ ಜನರೆಲ್ಲ ಒಮ್ಮೆಲೇ ಒಂದೇ ರೋಗಕ್ಕೆ ತುತ್ತಾದರೆ ಗಾಳಿ, ನೀರು, ನೆಲ, ಕಾಲ ಈ ನಾಲ್ಕರಲ್ಲಿ ಯಾವುದೋ ಕೆಟ್ಟಿದೆಯೆಂದು ತಿಳಿಯಬೇಕೆನ್ನುತ್ತಾರೆ. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅಲ್ಲಿ ಮೊದಲು ಪರೀಕ್ಷಿಸಬೇಕಾಗಿದ್ದುದು ಜನರ ರಕ್ತವಲ್ಲ, ನಲ್ಲಿಯ ನೀರು.

ನೀರಿಗೂ ಸರಳ ಪರೀಕ್ಷೆ ಇದೆ. ನಮ್ಮ ದೇಶದ ವಿಜ್ಞಾನಿಗಳೇ 1982ರಲ್ಲಿ, ಪರ್ತ್‌ನಲ್ಲಿ ಆ ಜೀವಿ ಕಂಡ ವರ್ಷವೇ, ಇದನ್ನು ಪ್ರಕಟಿಸಿದರು. ಔಷಧ ಲೇಪಿಸಿದ ಕಾಗದವಿರುವ ಶೀಶೆಗೆ ನೀರು ತುಂಬಿಟ್ಟರೆ, ಮಲದ ಸೋಂಕಿದ್ದಲ್ಲಿ ಒಂದೆರಡು ದಿನದಲ್ಲಿ ಅದು ಕಪ್ಪಾಗುತ್ತದೆ. 2019ರಲ್ಲಿ ಆರಂಭವಾದ ಜಲಜೀವನ ಅಭಿಯಾನದಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರಿನ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡುವ ಏರ್ಪಾಡಿದೆ. ಬಹಮನಿ ಅರಸರ ಕಾಲದಲ್ಲಿ ಕೆಂಪು ಮುರಕಲ್ಲನ್ನು ಕೊರೆದು ನೌಬಾದಿನ ಸುರಂಗ ಬಾವಿಯಿಂದ ಬೀದರಿಗೆ ನೀರು ತಂದ ಹಿರಿಯರ ನಾಡು ನಮ್ಮದು. ಆ ನಾಡಿನಲ್ಲಿ ಶೀಶೆಯೊಂದನ್ನು ಕಿಟಕಿಯ ಮೇಲಿಟ್ಟು ನೋಡುವುದು ಕಷ್ಟದ ಕೆಲಸವಲ್ಲ.

ಮೂವರಿಗೂ ನಮ್ಮ ಉತ್ತರ

ಭಾಲ್ಕಿಯ ಶಿಕ್ಷಕರಿಗೆ: ನಿಮಗೆ ಯಾವ ಬಾಧೆಯೂ ಇಲ್ಲ. ರಕ್ತದ ಗೆರೆಯನ್ನು ನಂಬಿ ಔಷಧ ನುಂಗಬೇಡಿ. ಮೂರು ನಾಲ್ಕು ಬಗೆಯ ಮಾತ್ರೆಗಳನ್ನು ಹತ್ತು ಹದಿನಾಲ್ಕು ದಿನ ತೆಗೆದುಕೊಳ್ಳಬೇಕಾದ ಚಿಕಿತ್ಸೆ ಅದು. ಬೇಡದವರು ನುಂಗಿದಷ್ಟೂ, ಅರ್ಧಕ್ಕೆ ಬಿಟ್ಟಷ್ಟೂ ಔಷಧಕ್ಕೆ ಬಗ್ಗದ ಸೂಕ್ಷ್ಮಾಣುಗಳು ಹೆಚ್ಚುತ್ತವೆ. ನಿಶ್ಚಯ ಬೇಕೆನಿಸಿದರೆ ಮಲದ ಅಥವಾ ಉಸಿರಿನ ಪರೀಕ್ಷೆ ಮಾಡಿಸಿ. ಸೋಂಕು ಇದೆಯೆಂದು ಅದರಲ್ಲಿ ಬಂದರೆ ತಜ್ಞರ ಸಲಹೆಯಂತೆ ಪೂರ್ಣ ಚಿಕಿತ್ಸೆ ಪಡೆದು, ಮುಗಿದ ನಾಲ್ಕು ವಾರಗಳ ಮೇಲೆ ಮತ್ತೆ ಪರೀಕ್ಷಿಸಿ. ಆದರೆ ಕಪ್ಪು ಮಲ, ರಕ್ತವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ಬಿಳಿಚಿಕೊಳ್ಳುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಕಾಣಿಸಿಕೊಂಡ ಹೊಟ್ಟೆನೋವು, ಇವುಗಳಲ್ಲಿ ಒಂದಿದ್ದರೂ ಯಾವ ಕಡ್ಡಿಯನ್ನೂ, ನಮ್ಮ ಚೂರ್ಣವನ್ನೂ ನೆಚ್ಚದೆ ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೋಗಬೇಕು.

ಬೀದರಿನ ಯುವಕರಿಗೆ: ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಗೆರೆ ಮೂಡುವ ಕಡ್ಡಿಯನ್ನು ಜಾತ್ರೆಯಲ್ಲಿ ಹಂಚಿದರೆ ನೀವು ಹಂಚುವುದು ಭಯವನ್ನು. ಆ ಹಣದಲ್ಲಿ ದಾಸೋಹದ ನೀರಿಗೆ ಕ್ಲೋರಿನ್, ಕೈ ತೊಳೆಯಲು ಸಾಬೂನು, ಓಆರ್‌ಎಸ್ ಕುಡಿಸುವ ಒಂದು ಮೂಲೆ, ಸುತ್ತಲಿನ ಬಾವಿ ನಲ್ಲಿಗಳಿಗೆ ನೂರು ಶೀಶೆ, ಇಷ್ಟನ್ನು ಏರ್ಪಡಿಸಿ. ಮೇಲೆ ಹೇಳಿದ ಅಪಾಯದ ಲಕ್ಷಣಗಳನ್ನು ಕೇಳಿ ಗುರುತಿಸಲು ವೈದ್ಯರೊಬ್ಬರನ್ನು ಕೂರಿಸಿ. ನಾವೇ ಬಂದು ಕೂರುತ್ತೇವೆ.

ಔರಾದಿನ ತರುಣರಿಗೆ: ವ್ಯಾಪಾರವೂ ಕಾಯಕವೇ, ಆದರೆ ಮಾರುವ ವಸ್ತು ಸತ್ಯವಾಗಿರಬೇಕು. 12ನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರೂ ಇದ್ದರು. ವೈದ್ಯವನ್ನೇ ಕಾಯಕವಾಗಿ ಮಾಡಿಕೊಂಡವರು ಅವರು. ಹಣ ಕೊಡುವ ಮೊದಲು ಕಂಪನಿಯನ್ನು ನಾಲ್ಕು ಪ್ರಶ್ನೆ ಕೇಳಿ. ಕಿಟ್ ಪ್ರತಿಕಾಯವನ್ನು ನೋಡುತ್ತದೆಯೇ, ಪ್ರತಿಜನಕವನ್ನೇ? ವೈದ್ಯಕೀಯ ಸಾಧನಗಳ 2017ರ ನಿಯಮಗಳ ಪ್ರಕಾರ ಅದಕ್ಕೆ ಪರವಾನಗಿ ಇದೆಯೇ, ಮಾರಲು ನಿಮಗೆ ಬೇಕಾದ ನೋಂದಣಿ ಯಾವುದು? ಬಹುಪಾಲು ಕಡ್ಡಿಗಳನ್ನು 30 ಡಿಗ್ರಿಗಿಂತ ತಂಪಾದ ಸ್ಥಳದಲ್ಲಿ ಇಡಬೇಕು. ಬಿಸಿಲು 40 ಡಿಗ್ರಿ ಮುಟ್ಟುವ ನಮ್ಮ ಏಪ್ರಿಲ್ ಮೇ ತಿಂಗಳಲ್ಲಿ ಅವನ್ನು ಎಲ್ಲಿ ಇಡುವುದು? ಮಾರಾಟವಾಗದೆ ಅವಧಿ ಮುಗಿದ ಕಿಟ್‌ಗಳ ನಷ್ಟ ಯಾರದು? ದೊಡ್ಡ ಹೂಡಿಕೆದಾರ ಹತ್ತು ಕಡೆ ಹಣ ಹಾಕಿರುತ್ತಾನೆ, ಒಂದು ಮುಳುಗಿದರೆ ಇನ್ನೊಂದು ಎತ್ತುತ್ತದೆ. ನಿಮಗಿರುವುದು ಎರಡೇ ಎಕರೆ.

ಅವರು ಈ ನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ ಕಂಪನಿಯವರಿಗೆ ಕಳುಹಿಸಿದ್ದಾರೆ. ಈ ಲೇಖನವನ್ನು ಮುಗಿಸುವವರೆಗೆ ಉತ್ತರ ಬಂದಿಲ್ಲ. ಹೊಲ ಇನ್ನೂ ಅವರ ಕೈಯಲ್ಲಿಯೇ ಇದೆ, ಈ ಮಳೆಗಾಲದಲ್ಲಿ ಅದಕ್ಕೆ ತೊಗರಿ ಹಾಕುವುದಾಗಿ ಹೇಳಿದ್ದಾರೆ.